ಹೆಸರು ಕೆಡದಂತೆ ಪದ ಬದಲಿಸುವುದು ಹೇಗೆ: ಸಮಾನಾರ್ಥಕ ಪದಗಳ ಬಳಕೆಗೆ ಹಂತ ಹಂತದ ಮಾರ್ಗದರ್ಶಿ

ಸಂಸ್ಕೃತಮಯವಾದ ಬರಹವನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ತಿಳಿಗೊಳಿಸಬೇಕು, ಒಂದೇ ಪುಟದಲ್ಲಿ ಹತ್ತು ಸಲ ಬಂದ ಪದವನ್ನು ತಗ್ಗಿಸಬೇಕು, ಕಚೇರಿಯ ಕನ್ನಡವನ್ನು ಆಡುಮಾತಿನ ಹತ್ತಿರ ತರಬೇಕು. ಇಂಥ ಕೆಲಸಕ್ಕೆ ಕೂತವರು ಸಾಮಾನ್ಯವಾಗಿ ಎಡವುವುದು ಒಂದೇ ಜಾಗದಲ್ಲಿ. ಪದ ಬದಲಿಸುವ ಭರದಲ್ಲಿ ಜನರ ಹೆಸರು, ಊರಿನ ಹೆಸರು, ಸಂಸ್ಥೆಯ ಹೆಸರು ಕೂಡ ಬದಲಾಗಿಬಿಡುತ್ತವೆ. ‘ಸಾಗರ’ವನ್ನು ‘ಸಮುದ್ರ’ ಮಾಡಲು ಹೋದರೆ ಕೃಷ್ಣರಾಜಸಾಗರ ಕೃಷ್ಣರಾಜಸಮುದ್ರವಾಗುತ್ತದೆ. ‘ಅರಸು’ ಬದಲು ‘ದೊರೆ’ ಎಂದರೆ ದೇವರಾಜ ಅರಸು ದೇವರಾಜ ದೊರೆಯಾಗುತ್ತಾರೆ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹಾಗಾಗಿ ಯಾವುದು ಹೆಸರು, ಯಾವುದು ಸಾಮಾನ್ಯ ಪದ ಎಂದು ಕಂಪ್ಯೂಟರ್‌ಗೆ ತಿಳಿಯುವುದಿಲ್ಲ. ಅವಸರದಲ್ಲಿರುವ ಕಣ್ಣಿಗೂ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಹೆಸರುಗಳನ್ನು ಮೊದಲು ಬೀಗ ಹಾಕಿ, ಅಂದರೆ ಅವುಗಳ ಜಾಗದಲ್ಲಿ ಒಂದೊಂದು ಗುರುತು ಇಟ್ಟು, ಪಕ್ಕಕ್ಕಿಡಬೇಕು, ಆಮೇಲೆ ಪದ ಮುಟ್ಟಬೇಕು, ಕೊನೆಗೆ ಬೀಗ ತೆಗೆಯಬೇಕು. ಈ ಕ್ರಮ ತಪ್ಪಿಸಿ ‘ಬದಲಿಸುತ್ತಾ ಹೋಗೋಣ, ಹೆಸರು ಬಂದಾಗ ಬಿಟ್ಟರಾಯಿತು’ ಎಂದುಕೊಂಡವರ ಕಡತದಲ್ಲೇ ತಪ್ಪುಗಳು ಉಳಿಯುವುದು.

ಬೇಕಾಗುವ ಸಾಮಗ್ರಿ

ಹುಡುಕಿ-ಬದಲಿಸುವ ಸೌಲಭ್ಯವಿರುವ ಯಾವುದೇ ಬರವಣಿಗೆ ತಂತ್ರಾಂಶ ಸಾಕು. ಮೈಕ್ರೋಸಾಫ್ಟ್ ವರ್ಡ್ ಆಗಬಹುದು, ಲಿಬ್ರೆಆಫೀಸ್ ಆಗಬಹುದು. ಒಂದು ಒಳ್ಳೆಯ ಕನ್ನಡ ನಿಘಂಟು ಕೈಯಳತೆಯಲ್ಲಿರಲಿ. ಹೆಸರುಗಳ ಪಟ್ಟಿಗೆ ಬೇರೊಂದು ಕಡತ ಅಥವಾ ಒಂದು ಹಾಳೆ ಬೇಕು. ಮೂಲದ ಮುದ್ರಿತ ಪ್ರತಿಯೊಂದು ಇದ್ದರೆ ಕೊನೆಯ ಹಂತ ಬಹಳ ಹಗುರವಾಗುತ್ತದೆ.

ಹಂತ 1: ಕಡತವನ್ನು ಸಿದ್ಧಪಡಿಸಿ

ಮೊದಲು ಮೂಲ ಕಡತದ ಪ್ರತಿ ತೆಗೆದು ಬೇರೆ ಹೆಸರಿನಲ್ಲಿ ಉಳಿಸಿ. ಎಲ್ಲ ಕೆಲಸವೂ ಪ್ರತಿಯಲ್ಲೇ ನಡೆಯಲಿ.

ಎರಡನೆಯದಾಗಿ, ಬರಹ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತದಲ್ಲಿ ಇದೆಯೇ ನೋಡಿ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆನ್ಸಿ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ. ಫಾಂಟ್ ಬದಲಿಸಿದ ಕೂಡಲೇ ಅಕ್ಷರಗಳು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳಾಗಿ ಕಂಡರೆ ಅದು ಆನ್ಸಿ ಕಡತ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳನ್ನು ಒಮ್ಮೆ ಕಣ್ಣಾಡಿಸಿ ಸರಿಮಾಡಿ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಮೂರನೆಯದು ಹಲವರ ಗಮನಕ್ಕೆ ಬಾರದ ವಿಷಯ. ರಾಜ್‌ಕುಮಾರ್, ಲಾಲ್‌ಬಾಗ್ ಎಂಬಂಥ ಪದಗಳ ನಡುವೆ, ಒತ್ತಕ್ಷರ ಮೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಒಂದು ಕಡೆ ಅದನ್ನು ಟೈಪ್ ಮಾಡಿ ಇನ್ನೊಂದು ಕಡೆ ಬಿಟ್ಟಿದ್ದರೆ ಕಂಪ್ಯೂಟರ್ ಅವೆರಡನ್ನೂ ಬೇರೆ ಬೇರೆ ಪದ ಎಂದೇ ಎಣಿಸುತ್ತದೆ. ‘ಕೊ’, ‘ಕೋ’, ‘ಕೀ’ ಥರದ ಗುಣಿತಾಕ್ಷರಗಳಿಗೂ ಈ ತೊಂದರೆ ಇದೆ. ಒಂದೇ ಚಿಹ್ನೆಯಾಗಿಯೂ, ಎರಡು ಮೂರು ಚಿಹ್ನೆ ಜೋಡಿಸಿಯೂ ಅವನ್ನು ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಪುಟದಲ್ಲಿ ಎದುರಿಗೇ ಇರುವ ಹೆಸರು ಹುಡುಕಾಟದಲ್ಲಿ ಸಿಗಲಿಲ್ಲವೆಂದರೆ ಕಾರಣ ಹೆಚ್ಚಾಗಿ ಇದೇ. ಆಗ ಹುಡುಕುವ ಪದವನ್ನು ಹೊಸದಾಗಿ ಟೈಪ್ ಮಾಡಬೇಡಿ, ಆ ಪುಟದಿಂದಲೇ ನಕಲಿಸಿ ಅಂಟಿಸಿ.

ಹಂತ 2: ಹೆಸರುಗಳ ಪಟ್ಟಿ ಮಾಡಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಈ ಹಂತ. ಇಲ್ಲಿ ಒಂದು ಗಂಟೆ ಉಳಿಸಲು ಹೋದರೆ ಮುಂದೆ ಅದಕ್ಕಿಂತ ಹೆಚ್ಚು ಕಳೆಯುತ್ತದೆ.

ಶಾಲೆಯ ವ್ಯಾಕರಣದಲ್ಲಿ ಕಲಿತ ವಿಂಗಡಣೆಯೇ ಸಾಕು. ನದಿ, ಬೆಟ್ಟ, ಊರು, ಮನುಷ್ಯ ಇವು ರೂಢನಾಮಗಳು. ಇವನ್ನು ಬದಲಿಸಬಹುದು. ಕಾವೇರಿ, ಹಾಸನ, ಬಸವಣ್ಣ ಇವು ಅಂಕಿತನಾಮಗಳು. ಇವಕ್ಕೆ ಬೀಗ. ಶಿಕ್ಷಕ, ವ್ಯಾಪಾರಿ, ವಿದ್ವಾಂಸ ಎಂಬ ಅನ್ವರ್ಥನಾಮಗಳನ್ನು ನೋಡಿಕೊಂಡು ತೀರ್ಮಾನಿಸಬೇಕು. ಬರಿಯ ಪದವಾಗಿ ಬಂದರೆ ಬದಲಿಸಬಹುದು, ಬಿರುದಾಗಿಯೋ ಹುದ್ದೆಯಾಗಿಯೋ ಬಂದರೆ ಬೀಗ ಬೀಳಬೇಕು. ಆಲೂರು ವೆಂಕಟರಾಯರು ‘ಕರ್ನಾಟಕ ಕುಲಪುರೋಹಿತ’ರು. ‘ಕುಲಾಚಾರ್ಯ’ ಎಂದರೆ ಅದು ಅವರ ಬಿರುದಲ್ಲ. ಬೇಂದ್ರೆಯವರು ವರಕವಿ, ‘ಶ್ರೇಷ್ಠಕವಿ’ ಎಂದು ತಿಳಿಗೊಳಿಸುವಂತಿಲ್ಲ.

ಈಗ ಕಷ್ಟದ ಭಾಗಕ್ಕೆ ಬರೋಣ. ಆನಂದ, ಸಂತೋಷ, ಕಮಲ, ಪುಷ್ಪ, ಜ್ಯೋತಿ, ಶಾಂತಿ, ಪ್ರಕಾಶ ಇವು ಪದಗಳೂ ಹೌದು, ಹೆಸರುಗಳೂ ಹೌದು. ದೊಡ್ಡಕ್ಷರವಿಲ್ಲದ ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸವನ್ನು ತೋರಿಸಿಕೊಡುವುದು ವಿಭಕ್ತಿ ಪ್ರತ್ಯಯ. ಭಾವನೆಯ ಮಾತಾದರೆ ಆನಂದಕ್ಕೆ, ಆನಂದದ, ಆನಂದವನ್ನು. ಮನುಷ್ಯನಾದರೆ ಆನಂದನಿಗೆ, ಆನಂದನ, ಆನಂದನನ್ನು. ಹೂವಾದರೆ ಕಮಲದ ಎಲೆ, ಹುಡುಗಿಯಾದರೆ ಕಮಲಳ ಮನೆ. ‘ಪ್ರಕಾಶ್‌ಗೆ’, ‘ಸಂತೋಷ್‌ಗೆ’ ಎಂದು ವ್ಯಂಜನದಲ್ಲಿ ಮುಗಿದಿದ್ದರೆ ಅದು ಹೆಸರೇ. ಹಿಂದೆ ‘ಶ್ರೀ’, ಮುಂದೆ ‘ಅವರು’, ‘ಅಮ್ಮ’, ‘ಅಪ್ಪ’ ಅಂಟಿಕೊಂಡಿದ್ದರೂ ಹೆಸರೇ.

ಪ್ರತ್ಯಯ ಕೈಕೊಡುವ ಜಾಗಗಳೂ ಇವೆ. ‘ಇ’ಕಾರದಲ್ಲಿ ಮುಗಿಯುವ ಜ್ಯೋತಿ ದೀಪವಾದರೂ ಹುಡುಗಿಯಾದರೂ ‘ಜ್ಯೋತಿಗೆ’, ‘ಜ್ಯೋತಿಯ’ ಎಂದೇ ಇರುತ್ತದೆ. ಅಲ್ಲಿ ಕ್ರಿಯಾಪದ ನೋಡಿ: ಜ್ಯೋತಿ ಬೆಳಗಿತು, ಜ್ಯೋತಿ ನಕ್ಕಳು. ಊರಿನ ಹೆಸರುಗಳು ನಪುಂಸಕವಾದ್ದರಿಂದ ಕ್ರಿಯಾಪದವೂ ನೆರವಾಗುವುದಿಲ್ಲ. ‘ಸಾಗರಕ್ಕೆ ಹೋದರು’ ಎಂಬ ವಾಕ್ಯದಲ್ಲಿ ಕಡಲಿದೆಯೋ ಶಿವಮೊಗ್ಗ ಜಿಲ್ಲೆಯ ಸಾಗರವಿದೆಯೋ ಆ ವಾಕ್ಯವೊಂದರಿಂದಲೇ ಹೇಳಲಾಗದು. ಹಿಂದುಮುಂದಿನ ವಾಕ್ಯ ಓದಬೇಕು. ಅಲೆ, ತೀರ, ಹಡಗು ಇದ್ದರೆ ಕಡಲು. ತಾಲ್ಲೂಕು, ಬಸ್ಸು, ಇಕ್ಕೇರಿ, ಸೊರಬ, ಹೊಸನಗರ ಇದ್ದರೆ ಊರು.

ಎರಡು ಪದಗಳ ಹೆಸರುಗಳಲ್ಲಿ ಬಾಲವನ್ನು ಬದಲಿಸಬಹುದೇ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಬಾಲ ತೆಗೆದ ಮೇಲೂ ಅದೇ ವಸ್ತುವನ್ನು ಸೂಚಿಸಿದರೆ ಬಾಲ ಸಾಮಾನ್ಯ ಪದ. ‘ಕಾವೇರಿ ನದಿ’ಯಲ್ಲಿ ನದಿ ತೆಗೆದರೂ ಕಾವೇರಿ ಕಾವೇರಿಯೇ, ಆದ್ದರಿಂದ ‘ಕಾವೇರಿ ಹೊಳೆ’ ಎನ್ನಬಹುದು. ‘ಚಾಮುಂಡಿ ಬೆಟ್ಟ’ದಲ್ಲಿ ಬೆಟ್ಟ ತೆಗೆದರೆ ದೇವಿ ಉಳಿಯುತ್ತಾಳೆ, ಆದ್ದರಿಂದ ಬೆಟ್ಟವೂ ಹೆಸರಿನ ಭಾಗ. ನಂದಿ ಬೆಟ್ಟ, ವಿಧಾನ ಸೌಧ, ಅರಣ್ಯ ಇಲಾಖೆ, ಜ್ಞಾನಪೀಠ ಪ್ರಶಸ್ತಿ, ಕನ್ನಡ ಸಾಹಿತ್ಯ ಪರಿಷತ್ತು ಎಲ್ಲವೂ ಇಡಿಯಾಗಿ ಬೀಗದೊಳಗೆ. ‘ಕಾಡು ಇಲಾಖೆ’ ಎಂಬ ಇಲಾಖೆ ಇಲ್ಲ. ಹಬ್ಬಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ‘ರಾಜ್ಯೋತ್ಸವ’ ಭಾರವೆನಿಸಿ ‘ನಾಡಹಬ್ಬ’ ಎಂದು ಬರೆದರೆ ಓದುಗರು ನವೆಂಬರ್ 1ರ ಬದಲು ದಸರೆಯನ್ನು ನೆನೆಯುತ್ತಾರೆ.

ಹಳೆಯ ಹೆಸರುಗಳನ್ನು ಹೊಸದಕ್ಕೆ ಬದಲಿಸುವ ಆಸೆಯೂ ಇಲ್ಲಿ ಹುಟ್ಟುತ್ತದೆ. ಅದು ಸಮಾನಾರ್ಥಕದ ಕೆಲಸವಲ್ಲ, ಬೇರೆಯೇ ತೀರ್ಮಾನ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. 1960ರ ದಶಕದ ಸಂಗತಿ ಹೇಳುವ ಬರಹದಲ್ಲಿ ‘ಮೈಸೂರು ರಾಜ್ಯ’ ಹಾಗೇ ಇರಬೇಕು. ನಗರದ ಹೆಸರು ಮುಂಬೈ ಆದರೂ ನ್ಯಾಯಾಲಯದ ಹೆಸರು ಬಾಂಬೆ ಹೈಕೋರ್ಟ್ ಎಂದೇ ಉಳಿದಿದೆ. ‘ಬಿಜಾಪುರ’ವನ್ನು ಕಂಡಲ್ಲೆಲ್ಲ ‘ವಿಜಯಪುರ’ ಮಾಡಿದರೆ ಛತ್ತೀಸ್‌ಗಢದ ಬಿಜಾಪುರ ಜಿಲ್ಲೆಯೂ ನಮ್ಮ ರಾಜ್ಯಕ್ಕೆ ಬಂದುಬಿಡುತ್ತದೆ.

ಉದ್ಧರಣೆ ಚಿಹ್ನೆಯೊಳಗಿನ ಮಾತು, ವಚನ, ಪದ್ಯ, ಕಾನೂನಿನ ಕಲಮು ಇವುಗಳಲ್ಲಿ ಹೆಸರಿರಲಿ ಇಲ್ಲದಿರಲಿ, ಒಂದು ಪದವನ್ನೂ ಮುಟ್ಟಬಾರದು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಎಂಬ ಅಂಕಿತಗಳಷ್ಟನ್ನೇ ಉಳಿಸಿ ವಚನದ ಉಳಿದ ಪದ ಬದಲಿಸಿದರೆ ಅದು ಆ ವಚನಕಾರರ ಮಾತಾಗಿ ಉಳಿಯುವುದಿಲ್ಲ.

ಹಂತ 3: ಹೆಸರುಗಳಿಗೆ ಬೀಗ ಹಾಕಿ

1. ಪಟ್ಟಿಯ ಪ್ರತಿ ಹೆಸರಿಗೂ ಒಂದು ಗುರುತು ಕೊಡಿ: ##1##, ##2##, ##3## ಹೀಗೆ. ಮೂಲದಲ್ಲಿ ಎಲ್ಲೂ ಇಲ್ಲದ ಚಿಹ್ನೆಯನ್ನೇ ಆರಿಸಿ. ಎರಡೂ ತುದಿಯಲ್ಲಿ ಚಿಹ್ನೆ ಇರಲೇಬೇಕು. ಕೊನೆಯ ಚಿಹ್ನೆ ಬಿಟ್ಟರೆ ಬೀಗ ತೆಗೆಯುವಾಗ ##1 ಎಂಬುದು ##12ರ ಒಳಗೂ ಹೊಕ್ಕುತ್ತದೆ.

2. ಹೆಸರನ್ನು ಪ್ರತ್ಯಯದ ಸಮೇತ ಮುಚ್ಚಿ. ಮೈಸೂರು, ಮೈಸೂರಿನ, ಮೈಸೂರಿಗೆ, ಮೈಸೂರಿನಲ್ಲಿ ಇವು ನಾಲ್ಕು ಬೇರೆ ಗುರುತು. ಹೆಸರಿನ ಮೂಲರೂಪವನ್ನಷ್ಟೇ ಮುಚ್ಚುವುದು ಜಾಣತನದಂತೆ ಕಾಣುತ್ತದೆ, ಆದರೆ ಕನ್ನಡಕ್ಕೆ ಅದು ಒಗ್ಗುವುದಿಲ್ಲ. ‘ಮೈಸೂರು’ ಎಂಬ ರೂಪ ‘ಮೈಸೂರಿನಲ್ಲಿ’ಯ ಒಳಗೆ ಇಲ್ಲವೇ ಇಲ್ಲ. ಪದದ ಕೊನೆಯ ‘ಉ’ ಪ್ರತ್ಯಯ ಸೇರುವಾಗ ಬಿದ್ದುಹೋಗಿರುತ್ತದೆ.

3. ಉದ್ದದ ಹೆಸರು ಮೊದಲು, ಚಿಕ್ಕದು ಆಮೇಲೆ. ‘ಬೆಂಗಳೂರು ವಿಶ್ವವಿದ್ಯಾಲಯ’ವನ್ನು ಮುಚ್ಚಿದ ನಂತರವೇ ‘ಬೆಂಗಳೂರು’. ತಿರುಗುಮುರುಗಾದರೆ ವಿಶ್ವವಿದ್ಯಾಲಯ ಹೊರಗೆ ಉಳಿದು ‘ವಿದ್ಯಾಪೀಠ’ವಾಗುವ ಅಪಾಯವಿದೆ.

4. ಕಮಲ, ಆನಂದದಂಥ ಇಬ್ಬಗೆಯ ಪದಗಳನ್ನು ಒಂದೊಂದೇ ನೋಡಿ ಮುಚ್ಚಿ. ಇವಕ್ಕೆ ‘ಎಲ್ಲವನ್ನೂ ಬದಲಿಸು’ ಗುಂಡಿ ನಿಷಿದ್ಧ.

5. ಪ್ರತಿ ಗುರುತಿನ ಎದುರಿಗೆ ಅದು ಎಷ್ಟು ಸಲ ಬಂತು ಎಂದು ಬರೆದಿಡಿ. ತಂತ್ರಾಂಶವೇ ಆ ಸಂಖ್ಯೆ ತೋರಿಸುತ್ತದೆ. ಕೊನೆಯ ಹಂತದ ಪರಿಶೀಲನೆ ನಿಂತಿರುವುದು ಈ ಸಂಖ್ಯೆಯ ಮೇಲೆ.

ಹಂತ 4: ಬದಲಿ ಪದ ಆರಿಸಿ

ನಿಘಂಟು ಒಂದು ಪದಕ್ಕೆ ಐದಾರು ಪದ ಕೊಡುತ್ತದೆ, ಆದರೆ ಅವು ಒಂದರ ಜಾಗದಲ್ಲಿ ಇನ್ನೊಂದು ಕೂರುವಂಥವಲ್ಲ. ನೀರು, ಜಲ, ಉದಕ, ತೀರ್ಥ ನಾಲ್ಕೂ ನೀರೇ. ಬಾಯಾರಿದವರು ಕೇಳುವುದು ನೀರು, ಇಲಾಖೆ ಅಳೆಯುವುದು ಜಲ, ದೇವಸ್ಥಾನದಲ್ಲಿ ಕೊಡುವುದು ತೀರ್ಥ. ಹಿರಿಯರು ನಿಧನರಾಗುತ್ತಾರೆ, ಎತ್ತು ಸಾಯುತ್ತದೆ. ಪ್ರತಿ ಪದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಇದು ನುಡಿಗಟ್ಟಿನ ಭಾಗವೇ? ‘ಮನೆಮಾತು’, ‘ತಲೆ ಕೆಡಿಸಿಕೊಳ್ಳು’, ‘ಕೈಕೊಡು’ ಇವನ್ನು ಬಿಡಿಸಬಾರದು. ತಲೆ ಬದಲು ಶಿರ ಇಟ್ಟರೆ ನುಡಿಗಟ್ಟು ಸತ್ತಂತೆ.

ಎರಡನೆಯದು, ಇದು ಸಮಾಸದ ಭಾಗವೇ? ‘ರಾಜಾಜ್ಞೆ’ಯಲ್ಲಿ ರಾಜನನ್ನು ತೆಗೆದು ‘ಅರಸಾಜ್ಞೆ’ ಮಾಡಿದರೆ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಸಮಾಸ. ಬದಲಿಸುವುದಾದರೆ ಇಡೀ ಪದವನ್ನೇ ಬದಲಿಸಿ: ‘ಅರಸನ ಅಪ್ಪಣೆ’.

ಮೂರನೆಯದು, ಲಿಂಗ ಒಂದೇ ಇದೆಯೇ? ಕನ್ನಡದಲ್ಲಿ ಸೂರ್ಯ ಪುಲ್ಲಿಂಗವಾಗಿಯೂ ಬರುತ್ತದೆ, ಹೊತ್ತು ನಪುಂಸಕ ಮಾತ್ರ. ‘ಸೂರ್ಯ ಮುಳುಗಿದ’ ಎಂಬುದು ‘ಹೊತ್ತು ಮುಳುಗಿತು’ ಆಗಬೇಕು. ನಾಮಪದವನ್ನಷ್ಟೇ ಬದಲಿಸಿ ಕ್ರಿಯಾಪದ ಮರೆತರೆ ‘ಹೊತ್ತು ಮುಳುಗಿದ’ ಎಂಬ ವಿಚಿತ್ರ ಉಳಿಯುತ್ತದೆ.

ಮೂಲದಲ್ಲಿ ಇಲ್ಲದ ಮಾಹಿತಿಯನ್ನು ಹೊಸ ಪದ ಸೇರಿಸುತ್ತಿದ್ದರೆ ಬದಲಿಸುವುದೇ ಬೇಡ. ‘ಸಹೋದರ’ ಎಂದಷ್ಟೇ ಇದ್ದರೆ ಅಣ್ಣನೋ ತಮ್ಮನೋ ತಿಳಿಯುವವರೆಗೆ ಸಹೋದರನೇ ಇರಲಿ.

ಹಂತ 5: ಒಂದೊಂದೇ ಪದ ಬದಲಿಸಿ

ಈ ಹಂತದಲ್ಲಿ ‘ಎಲ್ಲವನ್ನೂ ಬದಲಿಸು’ ಗುಂಡಿ ಒತ್ತಲೇಬೇಡಿ ಎಂಬುದು ನನ್ನ ಖಚಿತ ಸಲಹೆ. ಹೆಸರಿಗೆಲ್ಲ ಬೀಗ ಬಿದ್ದ ಮೇಲೂ ಇದು ಸುರಕ್ಷಿತವಲ್ಲ. ಕಂಪ್ಯೂಟರ್ ಪದವನ್ನು ಓದುವುದಿಲ್ಲ, ಅಕ್ಷರಗಳ ಸಾಲನ್ನು ಹೋಲಿಸುತ್ತದೆ. ‘ಮನೆ’ ಹುಡುಕಿದರೆ ಅರಮನೆ, ಸೆರೆಮನೆ ಸಿಗುವುದು ನಿರೀಕ್ಷಿತವೇ. ಆದರೆ ‘ಸುಮ್ಮನೆ’ಯಲ್ಲೂ ‘ಕಾಮನೆ’ಯಲ್ಲೂ ಅದೇ ಅಕ್ಷರಗಳಿವೆ. ‘ತಲೆ’ ‘ಕತ್ತಲೆ’ಯೊಳಗಿದೆ. ‘ಮರ’ ಎಂಬುದು ಸಮರ, ಅಮರ, ಮರಣಗಳಲ್ಲಿದೆ. ಬೀಗ ಹಾಕದಿದ್ದರೆ ಚಾಮರಾಜನಗರದ ನಡುವೆಯೂ ಕೆಲವು ತಂತ್ರಾಂಶಗಳಿಗೆ ಅದು ಸಿಗುತ್ತದೆ.

ಹಾಗಾದರೆ ‘ಇಡೀ ಪದ ಮಾತ್ರ’ ಆಯ್ಕೆ ಒತ್ತಿದರಾಯಿತಲ್ಲ ಎಂದರೆ, ಆಗ ಮನೆಗೆ, ಮನೆಯ, ಮನೆಯಲ್ಲಿ ಎಲ್ಲವೂ ಕೈತಪ್ಪುತ್ತವೆ. ಮೇಲಾಗಿ ಕೆಲವು ಹಳೆಯ ತಂತ್ರಾಂಶಗಳು ಗುಣಿತದ ಚಿಹ್ನೆಯನ್ನೇ ಪದದ ಕೊನೆ ಎಂದು ತಿಳಿಯುತ್ತವೆ. ಸಂಧಿಯಲ್ಲಿ ರೂಪ ಬದಲಾದ ಪದಗಳಂತೂ ಹುಡುಕಾಟಕ್ಕೆ ಸಿಗುವುದೇ ಇಲ್ಲ. ‘ಕಾಲ’ ಹುಡುಕಿದರೆ ‘ಮಳೆಗಾಲ’ ಬರುವುದಿಲ್ಲ, ‘ತಾವರೆ’ ಹುಡುಕಿದರೆ ‘ಬೆಟ್ಟದಾವರೆ’ ಬರುವುದಿಲ್ಲ. ಅಂಥವನ್ನು ಕಣ್ಣೇ ಹಿಡಿಯಬೇಕು.

ಆದ್ದರಿಂದ ‘ಮುಂದಿನದನ್ನು ಹುಡುಕು’ ಒತ್ತುತ್ತಾ, ಪ್ರತಿ ಸಲ ಇಡೀ ವಾಕ್ಯ ಓದಿ, ಬೇಕಾದಲ್ಲಿ ಮಾತ್ರ ಕೈಯಿಂದ ಬದಲಿಸಿ. ಒಂದು ಪದ ಪೂರ್ತಿ ಮುಗಿದ ಮೇಲೆ ಕಡತ ಉಳಿಸಿ, ಆಮೇಲೆ ಇನ್ನೊಂದು ಪದಕ್ಕೆ ಹೋಗಿ.

ಎಐ ಸಾಧನಕ್ಕೆ ಒಪ್ಪಿಸುವವರಿಗೂ ಇದೇ ಕ್ರಮ. ಹೆಸರಿನ ಜಾಗದಲ್ಲಿ ಗುರುತುಗಳಿರುವ ಪ್ರತಿಯನ್ನೇ ಕೊಡಿ, ಗುರುತುಗಳನ್ನು ಮುಟ್ಟಬಾರದೆಂದು ಸ್ಪಷ್ಟವಾಗಿ ಹೇಳಿ, ಬಂದ ಬರಹದಲ್ಲಿ ಗುರುತುಗಳನ್ನು ಎಣಿಸಿ. ಇನ್ನೊಂದು ಮಾತು: ಬೇರೆಯವರ ಬರಹದ ಪದ ಬದಲಿಸಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಈ ವಿಧಾನ ನಿಮ್ಮ ಬರಹಕ್ಕೆ, ಅಥವಾ ತಿದ್ದಲು ಅನುಮತಿ ಇರುವ ಬರಹಕ್ಕೆ.

ಹಂತ 6: ಪ್ರತ್ಯಯ ಸರಿಪಡಿಸಿ

ಪದ ಬದಲಾದರೆ ಬಾಲವೂ ಬದಲಾಗಬೇಕು. ಅರಣ್ಯ, ಅಡವಿ, ಕಾಡು ಈ ಮೂರನ್ನು ನೆನಪಿಟ್ಟುಕೊಂಡರೆ ಬಹುಪಾಲು ಕೆಲಸ ಸಾಗುತ್ತದೆ, ಏಕೆಂದರೆ ಅರ್ಥ ಒಂದೇ ಆದರೂ ಮೂರರ ಕೊನೆಯ ಸ್ವರ ಬೇರೆ.

‘ಅ’ಕಾರದಲ್ಲಿ ಮುಗಿಯುವ ನಪುಂಸಕ ಪದ: ಅರಣ್ಯವನ್ನು, ಅರಣ್ಯದಿಂದ, ಅರಣ್ಯಕ್ಕೆ, ಅರಣ್ಯದ, ಅರಣ್ಯದಲ್ಲಿ.

‘ಇ’ ಅಥವಾ ‘ಎ’ಕಾರದ ಪದ: ಅಡವಿಯನ್ನು, ಅಡವಿಯಿಂದ, ಅಡವಿಗೆ, ಅಡವಿಯ, ಅಡವಿಯಲ್ಲಿ.

‘ಉ’ಕಾರದ ಪದ: ಕಾಡನ್ನು, ಕಾಡಿನಿಂದ, ಕಾಡಿಗೆ, ಕಾಡಿನ, ಕಾಡಿನಲ್ಲಿ.

‘ಅರಣ್ಯ’ವನ್ನಷ್ಟೇ ಕಿತ್ತು ‘ಕಾಡು’ ಇಟ್ಟರೆ ‘ಕಾಡುಕ್ಕೆ’, ‘ಕಾಡುದಲ್ಲಿ’ ಹುಟ್ಟುತ್ತವೆ. ‘ಮನೆ’ ಕಿತ್ತು ‘ಗೃಹ’ ಇಟ್ಟರೆ ‘ಗೃಹಯಲ್ಲಿ’. ಪಕ್ಕದ ಪದದೊಂದಿಗೆ ಸಂಧಿಯಾಗಿದ್ದರೆ ಅದನ್ನೂ ನೋಡಿ: ‘ಅರಣ್ಯವೆಲ್ಲ’ ಎಂಬುದು ‘ಕಾಡೆಲ್ಲ’ ಆಗಬೇಕು, ‘ಕಾಡುವೆಲ್ಲ’ ಅಲ್ಲ.

ಹಂತ 7: ಬೀಗ ತೆಗೆದು ಎಣಿಸಿ

ಒಂದೊಂದೇ ಗುರುತನ್ನು ಅದರ ಹೆಸರಿಗೆ ಮರಳಿಸಿ. ಇಲ್ಲಿ ‘ಎಲ್ಲವನ್ನೂ ಬದಲಿಸು’ ಒತ್ತಬಹುದು. ಬದಲಾದ ಸಂಖ್ಯೆ ಪಟ್ಟಿಯಲ್ಲಿ ಬರೆದಿಟ್ಟ ಸಂಖ್ಯೆಗೆ ಹೊಂದಬೇಕು. ಕಡಿಮೆ ಬಂದರೆ ಯಾವುದೋ ಗುರುತು ಅಳಿಸಿದೆ ಅಥವಾ ಮುರಿದಿದೆ. ಎಲ್ಲ ಮುಗಿದ ಮೇಲೆ # ಚಿಹ್ನೆಯೊಂದನ್ನೇ ಹುಡುಕಿ. ಒಂದೂ ಸಿಗಬಾರದು.

ಒಂದು ಉದಾಹರಣೆ

ಮೂಲ: ಸಾಗರದ ಕಮಲ ಪ್ರತಿದಿನ ಪ್ರಾತಃಕಾಲ ಗೃಹದಿಂದ ಹೊರಟು, ಕೆರೆಯಲ್ಲಿ ಅರಳಿದ ಕಮಲಗಳನ್ನು ವೀಕ್ಷಿಸುತ್ತಾ ಇಕ್ಕೇರಿಯ ಮಾರ್ಗವಾಗಿ ಪಾಠಶಾಲೆಗೆ ತೆರಳುತ್ತಾಳೆ. ಕಮಲಳ ಸಹೋದರ ಆನಂದ ಸಂಜೆ ಆನಂದದಿಂದ ಕಾಯುತ್ತಾನೆ.

ಬೀಗ ಹಾಕಿದ ಮೇಲೆ: ##1## ##2## ಪ್ರತಿದಿನ ಪ್ರಾತಃಕಾಲ ಗೃಹದಿಂದ ಹೊರಟು, ಕೆರೆಯಲ್ಲಿ ಅರಳಿದ ಕಮಲಗಳನ್ನು ವೀಕ್ಷಿಸುತ್ತಾ ##3## ಮಾರ್ಗವಾಗಿ ಪಾಠಶಾಲೆಗೆ ತೆರಳುತ್ತಾಳೆ. ##4## ಸಹೋದರ ##5## ಸಂಜೆ ಆನಂದದಿಂದ ಕಾಯುತ್ತಾನೆ.

ಮುಗಿದ ಮೇಲೆ: ಸಾಗರದ ಕಮಲ ದಿನವೂ ಬೆಳಿಗ್ಗೆ ಮನೆಯಿಂದ ಹೊರಟು, ಕೆರೆಯಲ್ಲಿ ಅರಳಿದ ತಾವರೆಗಳನ್ನು ನೋಡುತ್ತಾ ಇಕ್ಕೇರಿಯ ದಾರಿಯಲ್ಲಿ ಶಾಲೆಗೆ ಹೋಗುತ್ತಾಳೆ. ಕಮಲಳ ಸಹೋದರ ಆನಂದ ಸಂಜೆ ಖುಷಿಯಿಂದ ಕಾಯುತ್ತಾನೆ.

‘ಗೃಹದಿಂದ’ ಹೋಗಿ ‘ಮನೆಯಿಂದ’ ಬಂದಾಗ ಪ್ರತ್ಯಯದ ರೂಪ ಬದಲಾಗಿದೆ. ‘ಮಾರ್ಗವಾಗಿ’ ಎಂಬುದಕ್ಕೆ ‘ದಾರಿಯಾಗಿ’ ಒಗ್ಗದ ಕಾರಣ ವಿಭಕ್ತಿಯನ್ನೇ ಬದಲಿಸಿ ‘ದಾರಿಯಲ್ಲಿ’ ಮಾಡಿದೆ. ಕೆರೆಯ ಕಮಲ ತಾವರೆಯಾಗಿದೆ, ಶಾಲೆಗೆ ಹೋಗುವ ಕಮಲ ಕಮಲಳಾಗಿಯೇ ಇದ್ದಾಳೆ.

ಎಚ್ಚರಿಕೆಯ ಸೂಚನೆಗಳು

ಒಂದು ಹೆಸರಿಗೆ ಎರಡು ಕಾಗುಣಿತ ಕಾಣಿಸಿಕೊಂಡರೆ ಕೂಡಲೇ ನಿಲ್ಲಿಸಿ. ಶ, ಷ, ಸ ಅಥವಾ ಅಲ್ಪಪ್ರಾಣ-ಮಹಾಪ್ರಾಣ ಅದಲುಬದಲಾಗಿದ್ದರೆ ಮೂಲದಲ್ಲೂ ಹಾಗೇ ಇತ್ತೇ ಎಂದು ನೋಡಿ. ಇದ್ದರೆ ಲೇಖಕರನ್ನು ಕೇಳಿ, ನೀವೇ ತಿದ್ದಬೇಡಿ. ಹೊಸ ಬರಹದಲ್ಲಿ ಮೂಲದಲ್ಲಿಲ್ಲದ ಊರೋ ವ್ಯಕ್ತಿಯೋ ಕಂಡರೆ ಎಲ್ಲೋ ಸಾಮಾನ್ಯ ಪದವೊಂದು ಹೆಸರಿನ ವೇಷ ತೊಟ್ಟಿದೆ. ‘ಸಂತೋಷ’ದ ಜಾಗಕ್ಕೆ ‘ಆನಂದ’ ಇಟ್ಟಾಗ, ಅದೇ ಪುಟದಲ್ಲಿ ಆನಂದ ಎಂಬ ಮನುಷ್ಯನೂ ಇದ್ದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ. ಆದ್ದರಿಂದ ಬದಲಿ ಪದ ಹೆಸರುಗಳ ಪಟ್ಟಿಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಕೊನೆಯ ಓದು ಗಟ್ಟಿಯಾಗಿ, ಇಬ್ಬರು ಸೇರಿ ಆಗಲಿ. ಒಬ್ಬರು ಹೊಸ ಪ್ರತಿ ಓದಲಿ, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ಪ್ರತಿ ಹೆಸರಿಗೂ ಒಂದು ಗೆರೆ ಹಾಕುತ್ತಾ ಬರಲಿ. ಗೆರೆ ಬೀಳದ ಹೆಸರು ಉಳಿದರೆ ಆ ವಾಕ್ಯವನ್ನು ಮೂಲದಿಂದ ಮತ್ತೆ ತಂದು 3ನೇ ಹಂತದಿಂದ ಮಾಡಿ. ಬರಹ ಅಚ್ಚಾಗುವ ತನಕ ಮೂಲದ ಕಡತವನ್ನೂ ಹೆಸರುಗಳ ಪಟ್ಟಿಯನ್ನೂ ಅಳಿಸಬೇಡಿ.